ಗುಳೆ ಹೋದವರ ಮನೆಯಿಂದ ಒಬ್ಬ ವಕೀಲೆ

ಸುಗ್ಗಿ ಎಂಬ ಪದಕ್ಕೆ ನಿಘಂಟಿನಲ್ಲಿರುವ ಅರ್ಥ ಒಂದು; ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಅದಕ್ಕಿರುವ ಅರ್ಥ ಬೇರೊಂದು. ಎರಡೆಕರೆ ಖುಷ್ಕಿಯಲ್ಲಿ ಬಿತ್ತಿದ ಮೆಕ್ಕೆಜೋಳವೋ ಶೇಂಗಾವೋ ಕೈಗೆ ಬಂದರೂ ಸರಿ, ಬಾರದಿದ್ದರೂ ಸರಿ, ದೀಪಾವಳಿ ಮುಗಿಯುತ್ತಲೇ ಮನೆಗೆ ಬೀಗ ಬೀಳುತ್ತದೆ. ಪಾತ್ರೆ, ಹಾಸಿಗೆ, ಜೋಳದ ಚೀಲ, ಕೈಗೂಸು ಎಲ್ಲವೂ ಒಂದೇ ಲಾರಿಯನ್ನೇರುತ್ತವೆ. ಮುದುಕರೂ, ಶಾಲೆಗೆ ಹೋಗುವ ಒಂದೆರಡು ಮಕ್ಕಳೂ ಊರಲ್ಲಿ ಉಳಿಯುತ್ತಾರೆ. ತಾಂಡಾಗಳ ಲಂಬಾಣಿ ಜನ ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಹಣ್ಣು ಬಿಡಿಸಲು ಹೋಗುತ್ತಾರೆ. ಇನ್ನುಳಿದವರು ಬೆಂಗಳೂರಿನ ಗಾರೆ ಕೆಲಸಕ್ಕೋ ಗೋವಾದ ಕೂಲಿಗೋ ಹೊರಡುತ್ತಾರೆ. ನಮ್ಮವರು ಹೀಗೆ ಬೇರೆಯವರ ಸುಗ್ಗಿಗೆ ಹೋಗುವುದಕ್ಕೆ ಗುಳೆ ಎಂದು ಹೆಸರು.

ತುಂಗಭದ್ರೆ ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿಯೇ ಹರಿಯುತ್ತಾಳೆ. ಕೂಡ್ಲಿಗಿಯ ಎರೆಗೂ ಮಸಾರಿಗೂ ಮಾತ್ರ ಮುಗಿಲೇ ಗತಿ. ಈ ಸೀಮೆಯ ಜನ ಕುಳಿತಲ್ಲಿಯೇ ಆಡಳಿತಗಳು ಬದಲಾದದ್ದು ಇನ್ನೊಂದು ಕಥೆ. 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಮೈಸೂರಿಗೆ ಸೇರಿದೆವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನೆರೆಯ ತಾಲ್ಲೂಕುಗಳೊಂದಿಗೆ ವಿಜಯನಗರ ಜಿಲ್ಲೆಯಾಯಿತು. ಕದಲದೆ ಕುಳಿತ ಊರುಗಳಿಗೆ ಇಷ್ಟೆಲ್ಲ ನಕ್ಷೆಗಳು ದೊರೆತವು. ವರ್ಷದಲ್ಲಿ ಐದಾರು ತಿಂಗಳು ಊರು ಬಿಡುವ ಮನುಷ್ಯನು ಮಾತ್ರ ಹೋದಲ್ಲಿಯೂ ಲೆಕ್ಕಕ್ಕಿಲ್ಲ, ಬಿಟ್ಟಲ್ಲಿಯೂ ಲೆಕ್ಕಕ್ಕಿಲ್ಲ.

ಇಂತಹ ಮನೆಯ ಹೆಣ್ಣುಮಗಳೊಬ್ಬಳು ಪಿ.ಯು.ಸಿ. ಮುಗಿಸಿ ಕಾನೂನು ಓದುತ್ತೇನೆಂದು ಹೊರಟಳೆನ್ನೋಣ. ಓದಿ ಗುಳೆ ಹೋದವರ ಪರವಾಗಿಯೇ ನ್ಯಾಯಾಲಯದಲ್ಲಿ ನಿಲ್ಲುತ್ತೇನೆಂದು ಹಟ ಹಿಡಿದಳೆನ್ನೋಣ. ಕಬ್ಬಿನ ಗದ್ದೆಯ ಬದುವಿನ ಮೇಲೆ ಬಾಲ್ಯ ಕಳೆದವಳು, ಅಪ್ಪ ಅವ್ವ ಲಾರಿ ಹತ್ತಿದಾಗ ಹಾಸ್ಟೆಲಿನಲ್ಲಿಯೋ ಸಿಸ್ಟರುಗಳ ಬೋರ್ಡಿಂಗಿನಲ್ಲಿಯೋ ಉಳಿದು ಓದಿದವಳು. ನಮ್ಮ ಓದುಗರು ಆಕೆಗೆ ಏನು ಹೇಳುತ್ತೀರಿ? ಬಹುತೇಕ ಮನೆಗಳ ಉತ್ತರ ನಮಗೆ ಗೊತ್ತಿದೆ. ನರ್ಸಿಂಗ್ ಮಾಡು ತಾಯಿ, ಕೈಹಿಡಿಯುತ್ತದೆ, ಬಿ.ಎಡ್. ಮಾಡು, ಮದುವೆಗೆ ಅನುಕೂಲ. ಕೋರ್ಟು ಕಚೇರಿ ಮರ್ಯಾದಸ್ಥರ ಹೆಣ್ಣುಮಕ್ಕಳಿಗಲ್ಲ. ಈ ಸಲಹೆಯ ಹಿಂದಿರುವುದು ಅಕ್ಕರೆಯೇ. ಆದರೂ ಇದು ತಪ್ಪು ಸಲಹೆ. ಏಕೆಂದರೆ ನಮ್ಮ ಸೀಮೆಯಲ್ಲಿ ಇಂದು ಕೊರತೆಯಾಗಿರುವುದು ಕಾನೂನಿಗಿಂತಲೂ ಹೆಚ್ಚಾಗಿ ಕಾನೂನಿಗೂ ತಾಂಡಾಕ್ಕೂ ನಡುವೆ ನಿಲ್ಲಬಲ್ಲ ಮನುಷ್ಯರದು.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದಿದವರೆಲ್ಲರೂ ಅಕ್ವಿನೊದ ಸಂತ ತೋಮಸರು ಕಾನೂನಿಗೆ ಕೊಟ್ಟ ಲಕ್ಷಣಗಳನ್ನು ಬಾಯಿಪಾಠ ಮಾಡಿರುತ್ತಾರೆ. ಅದು ವಿವೇಕದ ವಿಧಿಯಾಗಿರಬೇಕು, ಎಲ್ಲರ ಹಿತಕ್ಕಾಗಿರಬೇಕು, ಸಮುದಾಯದ ಹೊಣೆ ಹೊತ್ತವರು ಮಾಡಿದ್ದಾಗಿರಬೇಕು. ನಾಲ್ಕನೆಯದನ್ನು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತೇವೆ, ಆಮೇಲೆ ಮರೆಯುತ್ತೇವೆ. ಕಾನೂನು ಸಾರಲ್ಪಟ್ಟಿರಬೇಕು, ಯಾರಿಗಾಗಿ ಅದು ಇದೆಯೋ ಅವರಿಗೆ ತಿಳಿದಿರಬೇಕು. ರಾಜಪತ್ರದಲ್ಲಿ ಅಚ್ಚಾದ ಮಾತ್ರಕ್ಕೆ ಸರ್ಕಾರದ ಕರ್ತವ್ಯ ಮುಗಿಯಬಹುದು. ಆದರೆ ಹರಪನಹಳ್ಳಿಯ ತಾಂಡಾವೊಂದರ ಮುದುಕಿಯ ಕಿವಿಗೆ ಅದು ಗೋರ್‌ಬೋಲಿಯಲ್ಲಿ ಬೀಳದಿದ್ದರೆ, ತೋಮಸರ ಲೆಕ್ಕದಲ್ಲಿ ಆ ಕಾನೂನಿನ ಹುಟ್ಟು ಇನ್ನೂ ಪೂರ್ಣವಾಗಿಲ್ಲ.

ಒಂದು ಉದಾಹರಣೆಯನ್ನೇ ನೋಡೋಣ. ಒಡಿಶಾದ ಕೂಲಿಗಳನ್ನು ಗುತ್ತಿಗೆದಾರರು ದೂರದೂರದ ರಾಜ್ಯಗಳಿಗೆ ಸಾಗಿಸಿ ಸುಲಿಯುತ್ತಿದ್ದುದನ್ನು ಕಂಡು 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯನ್ನು ತರಲಾಯಿತು. ಅದರಲ್ಲಿ ಏನೇನಿತ್ತು ಎಂಬುದನ್ನು ಓದಿದರೆ ಇಂದಿಗೂ ಆಶ್ಚರ್ಯವಾಗುತ್ತದೆ. ಗುತ್ತಿಗೆದಾರನಿಗೆ ಪರವಾನಗಿ ಇರಬೇಕು. ಪ್ರತಿ ಕಾರ್ಮಿಕನಿಗೂ ಭಾವಚಿತ್ರವಿರುವ ಪಾಸ್‌ಬುಕ್ ಕೊಡಬೇಕು. ಅದರಲ್ಲಿ ಕೂಲಿ, ಮುಂಗಡ, ಕಡಿತ ಎಲ್ಲವನ್ನೂ ಬರೆದಿರಬೇಕು. ಊರು ಬಿಟ್ಟು ಬಂದುದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದನ್ನು, ಸ್ಥಳಾಂತರ ಭತ್ಯೆಯಾಗಿ ಕೊಡಬೇಕು. ಹೋಗಿಬರುವ ಖರ್ಚು, ಇರಲು ಮನೆ, ಔಷಧೋಪಚಾರ ಎಲ್ಲವೂ ಬೇರೆ. ಗೋವಾಕ್ಕೆ ಹೋದ ನಮ್ಮ ಜನರಲ್ಲಿ ಇಂತಹ ಪಾಸ್‌ಬುಕ್ ಕೈಯಲ್ಲಿ ಹಿಡಿದವನೊಬ್ಬನನ್ನೂ ಈ ಲೇಖಕನು ಕಂಡಿಲ್ಲ.

ಆ ಕಾಯ್ದೆಗೆ ಇನ್ನೊಂದು ತೂತು ಇತ್ತು. ರಾಜ್ಯದ ಗಡಿ ದಾಟಿದವನು ಮಾತ್ರ ಅದರ ಕಣ್ಣಿಗೆ ವಲಸಿಗ. ಕೊಟ್ಟೂರಿನಿಂದ ಗೋವಾಕ್ಕೆ ಹೋದವನಿಗೆ ಕಾಯ್ದೆಯ ಆಸರೆ ಉಂಟು, ಕೊಟ್ಟೂರಿನಿಂದ ಬೆಂಗಳೂರಿಗೆ ಹೋದವನಿಗೆ ಇಲ್ಲ. ಎರಡೂ ಒಂದು ರಾತ್ರಿಯ ಪ್ರಯಾಣವೇ. ಶೆಡ್ಡು ಅದೇ, ಮೇಸ್ತ್ರಿ ಅವನೇ, ಹಸಿವೂ ಅದೇ. ಮಂಡ್ಯದ ಗದ್ದೆಯಲ್ಲಿ ಕಬ್ಬು ಕಡಿಯುವ ಹಡಗಲಿಯ ಹೆಂಗಸು ಕಾನೂನಿನ ಲೆಕ್ಕದಲ್ಲಿ ಎಲ್ಲಿಗೂ ಹೋಗಿಯೇ ಇಲ್ಲ. 2020ರಲ್ಲಿ ಸಂಸತ್ತು ಈ ಕಾಯ್ದೆಯನ್ನೂ ಇನ್ನೂ ಹಲವನ್ನೂ ಸೇರಿಸಿ ಹೊಸ ಸಂಹಿತೆಯೊಂದನ್ನು ರಚಿಸಿತು. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಮೇಸ್ತ್ರಿಯ ಮೂಲಕವಲ್ಲದೆ ತಾನಾಗಿಯೇ ಹೋದವನನ್ನೂ ಅದು ವಲಸೆ ಕಾರ್ಮಿಕನೆಂದು ಒಪ್ಪಿದೆ, ಇದು ಸ್ವಾಗತಾರ್ಹ. ಆದರೆ ಐದು ಮಂದಿ ಇದ್ದಲ್ಲಿ ಅನ್ವಯಿಸುತ್ತಿದ್ದ ನಿಯಮ ಈಗ ಹತ್ತು ಮಂದಿ ಇದ್ದಲ್ಲಿ ಮಾತ್ರ. ಸ್ಥಳಾಂತರ ಭತ್ಯೆ ಮಾಯವಾಗಿದೆ. ಗಡಿಯ ಗೆರೆ ಮಾತ್ರ ಹಾಗೆಯೇ ಉಳಿದಿದೆ. ಇದನ್ನೆಲ್ಲ ತಾಂಡಾದ ಕಟ್ಟೆಯ ಮೇಲೆ ಕುಳಿತು ಬಿಡಿಸಿ ಹೇಳುವವರು ಯಾರು?

ಕಾನೂನು ಬಡವರ ಪಾಲಿಗೆ ಬರಿಯ ಕಾಗದವೆಂದು ಕೈಚೆಲ್ಲುವುದೂ ಸಲ್ಲದು. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಕ್ರೀಡಾಂಗಣಗಳನ್ನೂ ಮೇಲುಸೇತುವೆಗಳನ್ನೂ ಕಟ್ಟಲು ನಾಡಿನ ಮೂಲೆಮೂಲೆಗಳಿಂದ ಬಂದ ಕೂಲಿಗಳಿಗೆ ಕನಿಷ್ಠ ಕೂಲಿಯೂ ಪೂರ್ತಿ ಸಿಗುತ್ತಿರಲಿಲ್ಲ. ಅದರಲ್ಲಿಯೂ ಜಮಾದಾರರ ಪಾಲು ಕಡಿತವಾಗುತ್ತಿತ್ತು. ನಾಗರಿಕ ಹಕ್ಕುಗಳ ಸಂಘಟನೆಯೊಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಪತ್ರ ಬರೆಯಿತು. ಆ ಪತ್ರವನ್ನೇ ಅರ್ಜಿಯೆಂದು ಸುಪ್ರೀಂ ಕೋರ್ಟು ಸ್ವೀಕರಿಸಿತು. ಹಸಿವೆಯ ಒತ್ತಾಯದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ, ಸಂವಿಧಾನದ 23ನೆಯ ವಿಧಿ ಅದನ್ನು ನಿಷೇಧಿಸಿದೆ ಎಂದು ಆ ವರ್ಷದ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಸಂಕೋಲೆ ತೊಡಿಸಿದರೆ ಮಾತ್ರ ಗುಲಾಮಗಿರಿ ಎಂದುಕೊಂಡಿದ್ದ ನ್ಯಾಯಶಾಸ್ತ್ರಕ್ಕೆ ಹಸಿವೆಯೂ ಒಂದು ಸಂಕೋಲೆಯೆಂದು ತೋರಿಸಿಕೊಟ್ಟ ತೀರ್ಪು ಅದು.

ಮೂರು ವರ್ಷಗಳ ಬಳಿಕ, 1985ರ ಜುಲೈನಲ್ಲಿ, ಮುಂಬಯಿಯ ಕಾಲುದಾರಿಗಳಲ್ಲಿ ವಾಸಿಸುತ್ತಿದ್ದ ವಲಸಿಗರ ಮೊಕದ್ದಮೆ ತೀರ್ಮಾನವಾಯಿತು. ಪತ್ರಕರ್ತೆ ಓಲ್ಗಾ ಟೆಲಿಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಈ ತೀರ್ಪು, ಜೀವಿಸುವ ಹಕ್ಕೆಂದರೆ ಜೀವನೋಪಾಯದ ಹಕ್ಕೂ ಹೌದೆಂದು ಸಾರಿತು. ಕಾನೂನು ಕಾಲೇಜುಗಳಲ್ಲಿ ಈ ಮಾತನ್ನು ಇಂದಿಗೂ ಅಭಿಮಾನದಿಂದ ಕಲಿಸುತ್ತಾರೆ. ಆದರೆ ಅದೇ ತೀರ್ಪು ಮಳೆಗಾಲ ಕಳೆಯುವವರೆಗೆ ಕಾದು, ಅಕ್ಟೋಬರ್ 31ರ ನಂತರ ಗುಡಿಸಲುಗಳನ್ನು ತೆರವುಗೊಳಿಸಲು ಅನುಮತಿ ಕೊಟ್ಟಿತೆಂಬುದನ್ನೂ ಕಲಿಸಬೇಕು. ತತ್ವ ಗೆದ್ದಿತು, ಗುಡಿಸಲು ಬಿದ್ದಿತು. ಈ ವೃತ್ತಿಗೆ ಇಳಿಯುವ ಮಗಳು ಈ ಎರಡನ್ನೂ ಒಟ್ಟಿಗೆ ತಿಳಿದುಕೊಂಡೇ ಇಳಿಯುವುದು ಒಳ್ಳೆಯದು.

ಇದೆಲ್ಲ ದೆಹಲಿ, ಮುಂಬಯಿಯ ಮಾತಾಯಿತು ಎನ್ನುವವರು 2020ರ ಜನವರಿಯಲ್ಲಿ ನಮ್ಮ ರಾಜಧಾನಿಯಲ್ಲಿಯೇ ನಡೆದುದನ್ನು ನೆನೆಯಲಿ. ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ತಗಡು, ಟಾರ್ಪಾಲುಗಳ ಶೆಡ್ಡುಗಳಿದ್ದವು. ಅಲ್ಲಿರುವವರು ಅಕ್ರಮವಾಗಿ ನುಸುಳಿ ಬಂದ ಬಾಂಗ್ಲಾದೇಶೀಯರು ಎಂಬ ಗುಲ್ಲು ಹಬ್ಬಿತು. ಒಂದು ವಾರದೊಳಗೆ ಯಂತ್ರಗಳು ಬಂದು ಅವನ್ನು ನೆಲಸಮ ಮಾಡಿದವು. ಅವಶೇಷಗಳ ನಡುವೆ ನಿಂತವರ ಕೈಯಲ್ಲಿ ಆಧಾರ್ ಚೀಟಿಗಳಿದ್ದವು, ಮತದಾರರ ಗುರುತಿನ ಚೀಟಿಗಳಿದ್ದವು. ಅಸ್ಸಾಮಿನವರಿದ್ದರು, ಬಿಹಾರದವರಿದ್ದರು, ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಗುಳೆ ಬಂದ ಅಚ್ಚಕನ್ನಡಿಗರೂ ಇದ್ದರು. ಕನ್ನಡಿಗರು ಕನ್ನಡನಾಡಿನ ರಾಜಧಾನಿಯಲ್ಲಿ ಪರದೇಶಿಗಳಾದರು. ಬಡತನಕ್ಕೆ ಅಷ್ಟು ಶಕ್ತಿಯಿದೆ. ಪಿ.ಯು.ಸಿ.ಎಲ್. ಸಂಘಟನೆ ಹೈಕೋರ್ಟಿನ ಮೊರೆಹೋಯಿತು. ಹೈಕೋರ್ಟು ತೆರವನ್ನು ತಡೆಯಿತು. ಕಾನೂನಿನ ಕ್ರಮ ಅನುಸರಿಸದೆ ಒಕ್ಕಲೆಬ್ಬಿಸಿದುದು ಸರಿಯಲ್ಲವೆಂದು ಫೆಬ್ರವರಿಯಲ್ಲಿ ಹೇಳಿ, ನಿರ್ಗತಿಕರಾದವರ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು.

ಅದಾದ ಆರು ವಾರಕ್ಕೆ ಕೊರೋನಾದ ಲಾಕ್‌ಡೌನ್ ಬಂದಿತು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡಕ್ಕೆ ಜಾರಿ. ಹೆದ್ದಾರಿಗಳ ಮೇಲೆ ನಡೆದು ಹೊರಟ ಜನರ ಚಿತ್ರಗಳನ್ನು ಯಾರೂ ಮರೆತಿಲ್ಲವಾದ್ದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕಾನೂನಿನ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ ಮೇ ತಿಂಗಳ ಮೊದಲ ವಾರದ್ದು. ಕಟ್ಟಡ ಉದ್ಯಮಿಗಳೊಂದಿಗೆ ಮಾತುಕತೆ ನಡೆದ ಬೆನ್ನಿಗೆ ನಮ್ಮ ರಾಜ್ಯ ಸರ್ಕಾರವು ಹೊರರಾಜ್ಯಗಳ ಕಾರ್ಮಿಕರಿಗಾಗಿ ಗೊತ್ತುಮಾಡಿದ್ದ ರೈಲುಗಳನ್ನು ರದ್ದುಪಡಿಸಿತು. ನಾಡಿನಾದ್ಯಂತ ಟೀಕೆ ಎದ್ದ ಮೇಲೆ ಮತ್ತೆ ಬಿಟ್ಟಿತು. ಮನೆಗೆ ಹೋಗಬೇಕೆನ್ನುವವನನ್ನು ಕೆಲಸಕ್ಕೆ ಬೇಕೆಂದು ತಡೆದು ನಿಲ್ಲಿಸುವುದಕ್ಕೆ 1982ರ ತೀರ್ಪು ಯಾವ ಹೆಸರನ್ನು ಕೊಡುತ್ತಿತ್ತು? ಆ ಕೆಲವು ದಿನಗಳಲ್ಲಿ ಈ ಪ್ರಶ್ನೆಯನ್ನು ಕೇಳುವ ವಕೀಲರು ಬೇಕಾಗಿದ್ದರು, ಮತ್ತು ಕೆಲವರು ಕೇಳಿದರು. ಸುಪ್ರೀಂ ಕೋರ್ಟು ತಾನಾಗಿ ವಿಷಯವನ್ನು ಕೈಗೆತ್ತಿಕೊಂಡದ್ದು ಮೇ 26ರಂದು, ಹಿರಿಯ ವಕೀಲರು ಪತ್ರ ಬರೆದು ಎಚ್ಚರಿಸಿದ ಮೇಲೆ. ಅದೇ ವಾರ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಜಾರ್ಖಂಡಿನ 170ಕ್ಕೂ ಹೆಚ್ಚು ಕಾರ್ಮಿಕರನ್ನು ಮುಂಬಯಿಯಿಂದ ರಾಂಚಿಗೆ ವಿಮಾನದಲ್ಲಿ ಕಳುಹಿಸಿದರು. ಅದು ನಿಜಕ್ಕೂ ಶ್ಲಾಘನೀಯ. ಆದರೂ ವಿಮಾನ ಒಂದು ದಿನದ ಕರುಣೆ. ಮುಂದಿನ ವರ್ಷ, 2021ರ ಜೂನ್ 29ರಂದು, ಊರು ಬಿಟ್ಟವನಿಗೆ ಇದ್ದಲ್ಲಿಯೇ ಪಡಿತರ ಸಿಗುವಂತೆ ಮಾಡಬೇಕು, ಅಸಂಘಟಿತ ಕಾರ್ಮಿಕರನ್ನೆಲ್ಲ ನೋಂದಾಯಿಸಬೇಕು ಎಂದು ಕೋರ್ಟು ಇತ್ತ ಆದೇಶದಿಂದ ಇಂದಿಗೂ ಅಕ್ಕಿ ದೊರೆಯುತ್ತಿದೆ. ಕರುಣೆಗೂ ನ್ಯಾಯಕ್ಕೂ ಇರುವ ಅಂತರ ಇಷ್ಟೇ, ಮತ್ತು ಇಷ್ಟು ದೊಡ್ಡದು.

ಇನ್ನು ದೊಡ್ಡ ತೀರ್ಪುಗಳನ್ನು ಬದಿಗಿಟ್ಟು, ಗುಳೆ ಹೋದವರ ಮನೆಯ ವಕೀಲೆ ದಿನನಿತ್ಯ ಮಾಡಬೇಕಾದ ಕೆಲಸ ಯಾವುದೆಂದು ನೋಡೋಣ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವನು ಆರನೆಯ ಅಂತಸ್ತಿನಿಂದ ಬಿದ್ದು ಸಾಯುತ್ತಾನೆ. ಆಂಬುಲೆನ್ಸಿನಲ್ಲಿ ಹೆಣ ಊರಿಗೆ ಬರುತ್ತದೆ. ಜೊತೆಗೆ ಬಂದವನು ಮಣ್ಣಿನ ಖರ್ಚಿಗೆಂದು ಹತ್ತಿಪ್ಪತ್ತು ಸಾವಿರ ಕೈಯಲ್ಲಿಟ್ಟು, ಅಳುತ್ತಿರುವ ಹೆಂಡತಿಯ ಹೆಬ್ಬೆಟ್ಟನ್ನು ಒಂದು ಕಾಗದದ ಮೇಲೆ ಒತ್ತಿಸಿಕೊಂಡು ಹೋಗುತ್ತಾನೆ. ಅವಳಿಗೆ ಅದೇ ಪರಿಹಾರ. ಕೆಲಸದಲ್ಲಿ ಸತ್ತವನ ಕುಟುಂಬಕ್ಕೆ ಮಾಲೀಕನು ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಷ್ಟು ಹಿಂದೆಯೇ ಬಂದಿತ್ತು. ಅವನ ವಯಸ್ಸು, ಕೂಲಿಯನ್ನು ಹಿಡಿದು ಲೆಕ್ಕ ಹಾಕಿದರೆ ಆ ಮೊತ್ತ ಹಲವು ಲಕ್ಷಗಳಾಗುತ್ತದೆ. ಅಪಘಾತವಾದ ಊರಿಗೇ ಹೋಗಿ ಮೊಕದ್ದಮೆ ಹೂಡಬೇಕೆಂಬ ತೊಡಕನ್ನು 1995ರ ತಿದ್ದುಪಡಿ ನಿವಾರಿಸಿತು. ವಿಧವೆ ತಾನು ವಾಸಿಸುವ ಪ್ರದೇಶದಲ್ಲಿಯೇ ಅರ್ಜಿ ಹಾಕಲು ದಾರಿಯಾಯಿತು. ಎಷ್ಟು ವಿಧವೆಯರಿಗೆ ಈ ಮಾತು ಮುಟ್ಟಿತು?

ಮುಟ್ಟಿದರೂ ಮುಂದಿನ ಪ್ರಶ್ನೆ ಸಾಕ್ಷ್ಯದ್ದು. ನಿನ್ನ ಗಂಡ ಇಂಥವನ ಬಳಿ ದುಡಿಯುತ್ತಿದ್ದನೆಂಬುದಕ್ಕೆ ಆಧಾರವೇನಮ್ಮ ಎಂದು ಎದುರು ಪಕ್ಷದವರು ಕೇಳುತ್ತಾರೆ. ಮೇಸ್ತ್ರಿ ಅವನನ್ನು ನೋಡಿಯೇ ಇಲ್ಲವೆನ್ನುತ್ತಾನೆ. ಕಂಪನಿ ಮೇಸ್ತ್ರಿಯನ್ನೇ ಅರಿಯೆ ಎನ್ನುತ್ತದೆ. ನಗರದಲ್ಲಿ ಬೆಳೆದ ಒಳ್ಳೆಯ ವಕೀಲರೂ ಇಲ್ಲಿ ಕೈಚೆಲ್ಲುವುದುಂಟು. ಆದರೆ ಲಾರಿಯಲ್ಲಿ ಕುಳಿತು ಹೋದವರ ಮಗಳಿಗೆ ಎಲ್ಲಿ ಹುಡುಕಬೇಕೆಂಬುದು ಗೊತ್ತಿದೆ. ಶನಿವಾರದ ಬಟವಾಡೆಯ ಚೀಟಿಯನ್ನು ಅವ್ವಂದಿರು ಅಕ್ಕಿ ಡಬ್ಬಿಯಲ್ಲಿ ಇಡುತ್ತಾರೆ. ಮೇಸ್ತ್ರಿ ಫೋನ್‌ಪೇಯಲ್ಲಿ ಕಳುಹಿಸಿದ ಐನೂರರ ಸಂದೇಶ ಮೊಬೈಲಿನಲ್ಲಿ ಉಳಿದಿರುತ್ತದೆ. ಶೆಡ್ಡಿನ ಮುಂದೆ ಮಗುವಿನ ಹುಟ್ಟುಹಬ್ಬಕ್ಕೆ ತೆಗೆದ ಚಿತ್ರದಲ್ಲಿ ಕಟ್ಟಡದ ಹೆಸರಿನ ಫಲಕ ಕಾಣುತ್ತದೆ. ಅದೇ ತಾಂಡಾದ ಇನ್ನಿಬ್ಬರು ಅದೇ ಸಾರುವೆಯ ಮೇಲೆ ನಿಂತಿದ್ದರು. ಅವರು ಈಗ ಯಾವ ಗದ್ದೆಯಲ್ಲಿದ್ದಾರೆಂದು ಪಕ್ಕದ ಮನೆಯ ಮುದುಕನಿಗೆ ಗೊತ್ತು. ಮುಂಗಡದ ಲೆಕ್ಕವನ್ನು ಜನ ಹೇಗೆ ಬಾಯಲ್ಲಿ ಇಟ್ಟುಕೊಳ್ಳುತ್ತಾರೆ, ಯಾವ ಪ್ರಶ್ನೆಗೆ ನಾಚಿ ಸುಮ್ಮನಾಗುತ್ತಾರೆ, ಯಾವ ಮಾತಿಗೆ ಹೆದರಿ ಹೌದೆನ್ನುತ್ತಾರೆ ಎಂಬುದನ್ನು ಯಾವ ಕಾಲೇಜೂ ಕಲಿಸದು. ಮನೆಯಲ್ಲಿ ಗೋರ್‌ಬೋಲಿ, ತಾಲ್ಲೂಕು ನ್ಯಾಯಾಲಯದಲ್ಲಿ ಕನ್ನಡ, ಹೈಕೋರ್ಟಿನಲ್ಲಿ ಇಂಗ್ಲಿಷು. ಮೂರನ್ನೂ ದಾಟಿ ಒಂದು ಹೆಂಗಸಿನ ಮಾತನ್ನು ಕೆಡದಂತೆ ಒಯ್ಯುವುದೇ ಅರ್ಧ ವಕಾಲತ್ತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೋವುಂಡವಳೆಂಬ ಒಂದೇ ಕಾರಣಕ್ಕೆ ಯಾರೂ ನ್ಯಾಯಶಾಸ್ತ್ರಜ್ಞರಾಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಬೆವರಿಳಿಸಿ ಓದಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮವನ್ನು ಹಳೆಯದರೊಂದಿಗೆ ಹೋಲಿಸಿ ಓದಬೇಕು. ವಾಯಿದೆ ತಪ್ಪಿದ ಅರ್ಜಿಯನ್ನು ಅನುಕಂಪ ಉಳಿಸುವುದಿಲ್ಲ. ಕಣ್ಣೀರಿನ ಭಾಷಣ ಮಾಡುವ ವಕೀಲರು ನಮ್ಮಲ್ಲಿ ಈಗಾಗಲೇ ಸಾಕಷ್ಟಿದ್ದಾರೆ.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಹುತಾತ್ಮರ ಸ್ಮಾರಕವಿದೆ. ಅಕ್ಟೋಬರ್ 2ರಂದು ಹಾರ ಹಾಕುವ ನಾವು, ಅವರು ಮೊದಲಿಗೆ ವಲಸಿಗರ ವಕೀಲರಾಗಿದ್ದರೆಂಬುದನ್ನು ಮರೆತಂತಿದೆ. 1894ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ವಕೀಲಿ ಆರಂಭಿಸಿ ಕೆಲವೇ ತಿಂಗಳಾಗಿತ್ತು. ಬಾಲಸುಂದರಂ ಎಂಬ ತಮಿಳು ಕರಾರು ಕೂಲಿ, ಯಜಮಾನನ ಏಟಿಗೆ ಮುಂದಿನ ಎರಡು ಹಲ್ಲು ಮುರಿದು, ರಕ್ತ ಸೋರುತ್ತಾ, ರುಮಾಲನ್ನು ಕೈಯಲ್ಲಿ ಹಿಡಿದು ನಡುಗುತ್ತಾ ಬಂದು ನಿಂತನು. ಆ ಯುವ ವಕೀಲರು ಮಾಡಿದ್ದೇನು? ಮೊದಲು ವೈದ್ಯರಿಂದ ಪ್ರಮಾಣಪತ್ರ ಪಡೆದರು. ಅಲ್ಲಿಂದ ನೇರ ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ದರು. ಯಜಮಾನನಿಗೆ ಶಿಕ್ಷೆ ಕೊಡಿಸುವುದಕ್ಕಿಂತ ಆ ಕೂಲಿಯ ಬಿಡುಗಡೆ ಮುಖ್ಯವೆಂದು ಬಗೆದು, ಅವನ ಕರಾರನ್ನು ಬೇರೊಬ್ಬ ಒಳ್ಳೆಯ ಮಾಲೀಕನಿಗೆ ವರ್ಗಾಯಿಸುವಂತೆ ನೋಡಿಕೊಂಡರು. ಬಹಳ ಸಣ್ಣ ಕೆಲಸ. ಆದರೆ ಸುದ್ದಿ ಕೂಲಿಗಳ ನಡುವೆ ಹಬ್ಬಿತು. ಅವರ ಕಚೇರಿಗೆ ಕರಾರು ಕೂಲಿಗಳು ಒಬ್ಬರ ಹಿಂದೊಬ್ಬರು ಬರತೊಡಗಿದರು.

ನಮ್ಮ ಧರ್ಮಸಭೆಗೆ ಈ ವಿಷಯ ಹೊರಗಿನದಲ್ಲ. ಹೆರೋದನಿಗೆ ಹೆದರಿ ರಾತ್ರೋರಾತ್ರಿ ಈಜಿಪ್ತಿಗೆ ಹೊರಟ ಜೋಸೆಫರ ಬಳಿ ಯಾವ ಪಾಸ್‌ಬುಕ್ ಇತ್ತು? 1952ರಲ್ಲಿ ವಿಶ್ವಗುರು ಹನ್ನೆರಡನೆಯ ಪಿಯೂಸರು ವಲಸಿಗರ ಕುರಿತು ಹೊರಡಿಸಿದ ಆದೇಶಪತ್ರದಲ್ಲಿ ಆ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗ ಕುಟುಂಬಗಳ ಮಾದರಿಯೆಂದು ತೋರಿಸಿದರು. ವಿಶ್ವಗುರು ಫ್ರಾನ್ಸಿಸರು 2013ರಲ್ಲಿ ರೋಮಿನ ಹೊರಗೆ ಕೈಗೊಂಡ ಮೊದಲ ಯಾತ್ರೆಯೇ ಕಡಲಲ್ಲಿ ಮುಳುಗಿ ಸತ್ತ ವಲಸಿಗರ ಲಾಂಪೆದೂಸಾ ದ್ವೀಪಕ್ಕೆ. ವಕೀಲರಿಗೂ ಒಬ್ಬ ಪಾಲಕ ಸಂತರಿದ್ದಾರೆ. ಬ್ರಿಟನಿಯ ಸಂತ ಈವೋ, 1303ರಲ್ಲಿ ತೀರಿಕೊಂಡವರು, ಶುಲ್ಕ ಪಡೆಯದೆ ಬಡವರ ಪರವಾಗಿ ವಾದಿಸಿದವರು. ಮೇ 19ರಂದು ಅವರ ಹಬ್ಬ. ನಮ್ಮ ಧರ್ಮಕೇಂದ್ರಗಳಲ್ಲಿ ಆಚರಿಸಿದ್ದು ಕಾಣೆ.

ಇಷ್ಟಕ್ಕೂ ಈ ಐದು ತಾಲ್ಲೂಕುಗಳ ನಮ್ಮ ಪುಟ್ಟ ಸಮುದಾಯದಲ್ಲಿ ಯಾರು ವಲಸಿಗರಲ್ಲ? ಮಂಗಳೂರಿನಿಂದ ಬಂದ ಶಿಕ್ಷಕರು, ಕೇರಳದಿಂದ ಬಂದ ಸಿಸ್ಟರುಗಳು, ಕೆಲಸದ ಜಾಡು ಹಿಡಿದು ಬಂದ ತಮಿಳು, ತೆಲುಗು ಕುಟುಂಬಗಳು. ಮಂಗಳೂರಿನ ಕೊಂಕಣಿ ಕ್ರೈಸ್ತರ ಹಿರಿಯರೂ ಶತಮಾನಗಳ ಹಿಂದೆ ಗೋವಾದಿಂದ ಗುಳೆ ಎದ್ದು ಬಂದವರೇ. ಕನ್ನಡದ ನೆಲ ಅವರಿಗೆ ಗದ್ದೆ ಕೊಟ್ಟಿತು. ಇಂದು ಅದೇ ಗೋವಾದಲ್ಲಿ ನಮ್ಮ ಜನರನ್ನು ಘಾಂಟಿ ಎಂದು ಹೀಗ್ಗಳೆಯುವವರಿದ್ದಾರೆ. 2004ರ ಜೂನಿನಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ನೂರಾರು ಗುಡಿಸಲುಗಳನ್ನು ಮಳೆಗಾಲದ ನಡುವೆಯೇ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕರ್ನಾಟಕ, ಆಂಧ್ರಗಳ ಬಡ ಹೆಂಗಸರು ಬಹಳ ಮಂದಿ. ಅದನ್ನು ಕೇಳಿ ನಮ್ಮ ರಕ್ತ ಕುದಿಯುತ್ತದೆ. ಹಾಗಾದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಶೆಡ್ಡುಗಳಲ್ಲಿರುವ ಬಿಹಾರ, ಒಡಿಶಾಗಳ ಹುಡುಗರನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ? ಅವರಿಗೆ ಮನೆ ಬಾಡಿಗೆಗೆ ಕೊಡುವಾಗ ಏನೇನು ಕೇಳುತ್ತೇವೆ? ಗುಳೆ ಹೋದವರ ಮಗಳು ವಕೀಲೆಯಾದರೆ ಅವಳ ಬಾಗಿಲಿಗೆ ಆ ಹುಡುಗರೂ ಬರುತ್ತಾರೆ. ನಮ್ಮವರಲ್ಲವೆಂದು ಅವಳು ತಿರುಗಿಸಿ ಕಳುಹಿಸಿದರೆ, ಗೋವಾದಲ್ಲಿ ನಮ್ಮವರಿಗಾಗಿ ಕೇಳುವ ನ್ಯಾಯಕ್ಕೆ ಬುಡವೇ ಇಲ್ಲವಾಗುತ್ತದೆ. ದೇಶದ ಯಾವ ಭಾಗದಲ್ಲಿಯೂ ಸಂಚರಿಸುವ, ನೆಲೆಸುವ ಹಕ್ಕನ್ನು ಕೊಡುವ ಸಂವಿಧಾನದ 19ನೆಯ ವಿಧಿ ಎರಡೂ ದಿಕ್ಕಿಗೆ ಅನ್ವಯಿಸುತ್ತದೆ.

ಹೆತ್ತವರ ಭಯಕ್ಕೆ ಮರಳೋಣ. ಕಿರಿಯ ವಕೀಲರಿಗೆ ಮೊದಲ ಮೂರು ನಾಲ್ಕು ವರ್ಷ ಬಸ್ ಚಾರ್ಜಿಗೂ ಸಾಲದಷ್ಟೇ ಸಿಗುವುದೆಂಬುದು ನಿಜ. ಅನುಕೂಲಸ್ಥರ ಮಕ್ಕಳು ಆ ವರ್ಷಗಳನ್ನು ತಂದೆಯ ಹಣದಲ್ಲಿ ಕಳೆಯುತ್ತಾರೆ. ಗುಳೆ ಹೋದವರ ಮಕ್ಕಳು ಕಳೆಯಲಾರರು, ಸೋತು ಯಾವುದಾದರೂ ಬ್ಯಾಂಕಿನ ಗುಮಾಸ್ತಿಕೆಗೆ ಸೇರುತ್ತಾರೆ. ಓದಿಗೆ ನೆರವು ಇಂದು ಅಷ್ಟು ದುರ್ಲಭವಲ್ಲ. ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿಯಿಂದ ದೊರೆತ ಮೀಸಲಾತಿ ಇದೆ. ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇಕಡ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8. ಹಾಸ್ಟೆಲುಗಳಿವೆ, ವಿದ್ಯಾರ್ಥಿವೇತನಗಳಿವೆ. ಕಷ್ಟ ಆರಂಭವಾಗುವುದು ಕಪ್ಪು ಕೋಟು ತೊಟ್ಟ ಮರುದಿನದಿಂದ. ಪ್ರತಿ ವರ್ಷ ಹಬ್ಬದ ಪಟಾಕಿಗೂ ಧ್ವನಿವರ್ಧಕಕ್ಕೂ ನಾವು ಸುರಿಯುವ ಹಣದಲ್ಲಿ ಒಬ್ಬ ಕಿರಿಯ ವಕೀಲೆಯನ್ನು ಮೂರು ವರ್ಷ ಸಾಕಬಹುದು. ಐದು ತಾಲ್ಲೂಕುಗಳ ಕುಟುಂಬಗಳು ಸೇರಿ ತಿಂಗಳಿಗಿಷ್ಟು ಎಂದು ಎತ್ತಿಟ್ಟರೆ ಯಾರ ಮನೆಯೂ ಮುಳುಗದು. ಆಕೆ ಕ್ರೈಸ್ತಳೇ ಆಗಿರಬೇಕೆಂಬ ಷರತ್ತು ಬೇಡ.

ಓದುತ್ತಿರುವಾಗಲೇ ಆಕೆ ಸುಮ್ಮನಿರಬೇಕಾಗಿಯೂ ಇಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಅದಕ್ಕಾಗಿಯೇ ಇವೆ. ಕಾನೂನು ವಿದ್ಯಾರ್ಥಿಗಳು ಅರೆಕಾಲಿಕ ಕಾನೂನು ಸ್ವಯಂಸೇವಕರಾಗಿ ಅಲ್ಲಿ ಹೆಸರು ಬರೆಸಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಅದನ್ನು ಹೊಂದಿಸಿಕೊಡುವುದಕ್ಕೆ ಪದವಿ ಬೇಕಾಗಿಲ್ಲ.

ಬರುವ ದೀಪಾವಳಿಗೆ ಮುಂಚೆ ಒಂದು ಕೆಲಸ ಆಗಬಹುದು. ಪ್ರತಿ ಧರ್ಮಕೇಂದ್ರದಲ್ಲಿ, ಸಾಧ್ಯವಾದರೆ ತಾಂಡಾದ ಶಾಲೆಯಲ್ಲಿಯೂ, ಒಂದು ದಪ್ಪನೆಯ ನೋಟುಪುಸ್ತಕ ಇರಲಿ. ಲಾರಿ ಹೊರಡುವ ಮುನ್ನ ಓದಬಲ್ಲ ಮಕ್ಕಳು ಕುಳಿತು ಬರೆದುಕೊಳ್ಳಲಿ: ಹೋಗುವವರ ಹೆಸರು, ಹೋಗುವ ಊರು, ಮೇಸ್ತ್ರಿಯ ಹೆಸರು, ಅವನ ಫೋನ್ ನಂಬರು, ಲಾರಿಯ ನಂಬರು, ಪಡೆದ ಮುಂಗಡ, ಒಪ್ಪಿದ ದಿನಗೂಲಿ. 1979ರ ಕಾಯ್ದೆ ಕೊಡಿಸಲಾಗದೆ ಹೋದ ಪಾಸ್‌ಬುಕ್ಕಿನ ಅರ್ಧ ಭಾಗ ಅದರಲ್ಲಿಯೇ ಇರುತ್ತದೆ.